ಇವರು ಎದ್ದು ನಿಲ್ಲುವವರೆಗೆ

ಮಾರ್ಚ್ 4

ಹಳೇ ಡೈರಿ. ಔಷಧಿ ಅಂಗಡಿಯವನು ಹೋದ ವರ್ಷ ಕೊಟ್ಟದ್ದು, ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ. ವಾರಗಳೆಲ್ಲ ತಪ್ಪು, ತಾರೀಕು ಮಾತ್ರ ಸರಿ. ನನಗೆ ಅಷ್ಟು ಸಾಕು. ಆಸ್ಪತ್ರೆಯ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂರುವುದಕ್ಕಿಂತ ಏನಾದರೂ ಗೀಚುವುದು ವಾಸಿ.

ನಿನ್ನೆ ಬಟ್ಟೆ ಒಗೆಯುವಾಗ ಇವರ ಬಲಗಾಲಿನ ಕಾಲುಚೀಲದಲ್ಲಿ ಒಂದು ಕಲೆ ಕಂಡಿತು. ಲಾಂಡ್ರಿಯ ಕೌಂಟರಿನಲ್ಲಿ ಇಷ್ಟು ವರ್ಷ ನಿಂತವಳು ನಾನು, ಕಲೆ ನೋಡಿ ಅದರ ಪೂರ್ವಾಪರ ಹೇಳುವುದೇ ನನ್ನ ಹೊಟ್ಟೆಪಾಡು. ಇದು ಚಹಾ ಅಲ್ಲ, ತುಕ್ಕಲ್ಲ, ಬೂಟಿನ ಪಾಲಿಶ್ ಕೂಡ ಅಲ್ಲ. ನಡುವೆ ಹಳದಿ, ಅಂಚಿಗೆ ಕಂದು, ಮುಟ್ಟಿದರೆ ಗಂಜಿ ಹಾಕಿದ ಹಾಗೆ ಬಿರುಸು.

"ಕಾಲು ತೋರಿಸಿ" ಅಂದೆ.

"ಕಾಲಿಗೇನಾಗಿದೆ? ಎರಡೂ ಇದ್ದಲ್ಲೇ ಇವೆ" ಅಂದರು.

ಜಗಳ ಮಾಡಿ ಎತ್ತಿ ನೋಡಿದೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಅಂಗಿಯ ಗುಂಡಿಯಷ್ಟು ಅಗಲದ ಕುಳಿ. ಇವರು ಚಾವಣಿ ನೋಡುತ್ತ ಕೂತಿದ್ದರು. ನೋವಿಲ್ಲವಾ ಅಂದರೆ ಇಲ್ಲವೇ ಇಲ್ಲ, ಅದಕ್ಕೇ ಏನೂ ಆಗಿಲ್ಲ ಅಂತ ಹೇಳ್ತಿರೋದು ಅಂತ ನನಗೇ ಬುದ್ಧಿ ಹೇಳಿದರು.

ಇವತ್ತು ಡ್ರೆಸ್ಸಿಂಗ್ ಕೋಣೆಯ ನರ್ಸ್ ಅದೇ ಮಾತು ಕೇಳಿ ನಕ್ಕರು. "ನೋವಿಲ್ಲದೇ ಇರೋದೇ ಇಲ್ಲಿ ಕಾಯಿಲೆ" ಅಂದರು. ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರಗಳು ಸುದ್ದಿ ಕಳಿಸುವುದನ್ನೇ ನಿಲ್ಲಿಸಿಬಿಡುತ್ತವಂತೆ. ಆಮೇಲೆ ಚಿಮುಟ ಹಾಕಿ ಗಾಯದಿಂದ ಏನನ್ನೋ ಎಳೆದು ಬಿಳಿ ಬಟ್ಟೆಯ ಮೇಲಿಟ್ಟರು. ಕೂದಲು. ಗಿಡ್ಡ, ಕಪ್ಪು, ಸೂಜಿಯಷ್ಟು ಚೂಪು.

ಇವರದು ಕ್ಷೌರದ ಅಂಗಡಿ. ಎರಡು ಕುರ್ಚಿ, ನೆಲಕ್ಕೆ ತಣ್ಣನೆಯ ಟೈಲ್ಸು. ಎರಡು ವರ್ಷದಿಂದ ಅಂಗಾಲು ಉರಿಯುತ್ತದೆ ಅಂತ ಬೂಟು, ಕಾಲುಚೀಲ ಕಳಚಿಟ್ಟು ಬರಿಗಾಲಲ್ಲಿ ನಿಂತು ಕೆಲಸ ಮಾಡುತ್ತಿದ್ದರಂತೆ. ತಂಪಾಗಿರುತ್ತಿತ್ತಂತೆ. ಕತ್ತರಿಸಿದ ಕೂದಲು ಮುಳ್ಳಿನ ಹಾಗೆ ಚುಚ್ಚುತ್ತದೆ ಅಂತ ಆ ಕಸುಬಿನವರಿಗೆಲ್ಲ ಗೊತ್ತು. ಚುಚ್ಚಿದ್ದು ಗೊತ್ತಾಗದೆ ಹೋಗಬಹುದು ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ.

ಸದ್ಯ, ಕಲೆ ಕಣ್ಣಿಗೆ ಬಿತ್ತಲ್ಲ. ಅದು ಕಪ್ಪು ಕಾಲುಚೀಲವಾಗಿದ್ದರೆ?

ಮಾರ್ಚ್ 9

ಡಾಕ್ಟರು ಮೂರು ತಿಂಗಳು ಕಾಲು ಊರಲೇಬಾರದು ಅಂದರು. ಮೊಣಕಾಲಿನವರೆಗೆ ಪ್ಲಾಸ್ಟರಿನ ಅಚ್ಚು ಹಾಕಿದ್ದಾರೆ, ಡ್ರೆಸ್ಸಿಂಗಿಗೆ ಮಾತ್ರ ಬಿಚ್ಚುವಂಥದ್ದು.

"ಊರದೆ ಏನ್ಮಾಡ್ಲಿ ಸಾರ್, ಹಾರ್ಲಾ? ನಿಂತ್ಕೊಂಡು ಮಾಡೋ ಕೆಲಸ ನಂದು."

"ನಿಂತ್ರೆ ಕಾಲು ಹೋಗುತ್ತೆ. ನೋಡಿ, ನಿಮ್ಮಿಷ್ಟ."

ಇಷ್ಟು ನೇರವಾಗಿ ಹೇಳಿದ್ದಕ್ಕೆ ಆ ಡಾಕ್ಟರಿಗೆ ನಾನು ಋಣಿ. ಸುತ್ತಿ ಬಳಸಿ ಹೇಳಿದ್ದರೆ ಇವರು ನಡುವೆ ಎಲ್ಲಾದರೂ ನುಸುಳಿಕೊಳ್ಳುತ್ತಿದ್ದರು.

ಮಾರ್ಚ್ 27

ಲಾಂಡ್ರಿ ಮ್ಯಾನೇಜರ್ ಇವತ್ತು ಕರೆದು ಕೂರಿಸಿ ಮಾತಾಡಿದರು. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ದಿನ ಬಿಟ್ಟು ದಿನ ಅರ್ಧ ರಜೆ. ಕೌಂಟರಿನಲ್ಲಿ ಜನ ಬೈಯುತ್ತಾರೆ, ನಾನೇನು ಮಾಡಲಿ ನೀವೇ ಹೇಳಿ ಅಂದರು. ಪಾಪ, ಅವರ ಮುಖ ನೋಡಿ ನಾನೇ "ಪರವಾಗಿಲ್ಲ ಸಾರ್" ಅಂದೆ. ಪೂರ್ತಿ ತಿಂಗಳ ಸಂಬಳ ಕೊಟ್ಟು ಕಳಿಸಿದರು. ಥ್ಯಾಂಕ್ಸ್ ಹೇಳಿ ಬಂದೆ.

"ಕೆಲಸದಿಂದ ತೆಗೆದವನಿಗೆ ಥ್ಯಾಂಕ್ಸ್ ಹೇಳಿದವಳು ಈ ಭೂಮಿ ಮೇಲೆ ನೀನೊಬ್ಬಳೇ" ಅಂದರು ಅತ್ತಿಗೆ. ಅತ್ತಿಗೆ ಅಂದರೆ ಇವರ ಅಕ್ಕ. ಮಹಡಿಯ ಒಂಟಿ ಕೋಣೆಯಲ್ಲಿದ್ದವರು ಹೋದ ವಾರ ಗಂಟುಮೂಟೆ ಕಟ್ಟಿಕೊಂಡು ಕೆಳಗೆ ನಮ್ಮ ಜೊತೆ ಬಂದುಬಿಟ್ಟರು, ಆ ಕೋಣೆ ಬಾಡಿಗೆಗೆ ಹೋಗಲಿ ಅಂತ. ನಾವು ಕೇಳಿರಲಿಲ್ಲ. "ಮೇಲೆ ತುಂಬಾ ಸೆಕೆ" ಅಂತ ಕಾರಣ ಕೊಟ್ಟರು. ಸೆಕೆ ಏನೂ ಇಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಏಪ್ರಿಲ್ 6

ಅಂಗಡಿಯ ಬಾಗಿಲು ಮುಚ್ಚಿದ್ದರೆ ತಲೆಗಳು ಬೇರೆ ಕಡೆ ಹೋಗಿಬಿಡುತ್ತವೆ ಅನ್ನುವುದು ಇವರ ಚಿಂತೆ. ಅದಕ್ಕೆ ನಾನು ಬೆಳಗ್ಗೆ ಹೋಗಿ ಶಟರ್ ಎತ್ತಿ, ನೆಲ ಒರೆಸಿ, ಸುಮ್ಮನೆ ಕೂತು ಬರುವುದು ಅಂತಾಯಿತು. ಇವರು ಎದ್ದು ನಿಲ್ಲುವವರೆಗೆ, ಅಷ್ಟೇ.

ಮೊದಲು ಬಂದವರು ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯವರಿಗೆಲ್ಲ ಅವರು ಮೇಷ್ಟ್ರೇ. ವಿಷಯ ಕೇಳಿ ಕುರ್ಚಿಯ ತೋಳು ಸವರಿ ಹೇಳಿದರು: "ನನ್ನ ತಲೇನ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ, ಕೊಡೋದೂ ಇಲ್ಲ. ಅವನು ಏಳೋವರೆಗೂ ಕತ್ತರಿ ಮುಟ್ಟಿಸಲ್ಲ ಅಂತ ಹೇಳಮ್ಮ."

ಇವರಿಗೆ ಹೇಳಿದೆ. ಕಣ್ಣು ತುಂಬಿಕೊಂಡರು. ಮೇಷ್ಟ್ರ ಉಪಕಾರ ಮರೆಯುವಂಥದ್ದಲ್ಲ. ಆದರೆ ಕತ್ತರಿ ಮುಟ್ಟಿಸದ ತಲೆಯಿಂದ ಅಂಗಡಿ ಬಾಡಿಗೆ ಕಟ್ಟುವುದು ಹೇಗೆ ಅಂತ ಅವರನ್ನು ಕೇಳುವ ಹಾಗಿರಲಿಲ್ಲ.

ಏಪ್ರಿಲ್ 19

ಇವತ್ತು ಅತ್ತಿಗೆಯ ತಲೆ ಹಾಳು ಮಾಡಿದೆ.

ಯೋಚನೆ ಅವರದೇ. "ಸುಮ್ನೆ ಕೂತ್ಕೊಂಡು ಬರೋ ಬದಲು ಕಲಿ. ನನ್ನ ತಲೆ ಇದೆ, ನೋಡೋರು ಯಾರೂ ಇಲ್ಲ" ಅಂದರು. ಇವರು ಮಂಚದ ಮೇಲೆ, ಕಾಲು ದಿಂಬಿನ ಮೇಲೆ. ನಾವಿಬ್ಬರು ಅಡುಗೆಮನೆಯ ಸ್ಟೂಲಿನ ಹತ್ತಿರ. ಮಂಚದಿಂದ ಇವರಿಗೆ ನಾವು ಕಾಣುವುದಿಲ್ಲ. ಕತ್ತರಿಯ ಶಬ್ದ ಕೇಳಿಯೇ ಪಾಠ ಹೇಳಿದರು.

"ಅದೇನು ತರಕಾರಿ ಹೆಚ್ತಿದ್ದೀಯಾ? ಬಾಚಣಿಗೆ ಮುಂದೆ ಹೋಗ್ಲಿ, ಕತ್ತರಿ ಹಿಂದೆ ಬರ್ಲಿ. ಒಂದೇ ಸಮ ಚಿಕ್ ಚಿಕ್ ಅನ್ಬೇಕು. ಈಗ ನಿಲ್ಲಿಸ್ದೆ ನೋಡು, ಅಲ್ಲೊಂದು ಹಳ್ಳ ಬಿದ್ದಿರುತ್ತೆ."

ನಿಜವಾಗಿ ಹಳ್ಳ ಬಿದ್ದಿತ್ತು. ಅತ್ತಿಗೆ ಕನ್ನಡಿ ನೋಡಿಕೊಂಡು, "ಪರವಾಗಿಲ್ಲ, ನಂಗೇನು ನಾಳೆ ಫೋಟೋ ತೆಗೆಸ್ಕೊಳ್ಳೋದಿಲ್ಲ" ಅಂದರು. ಮೂವರೂ ನಕ್ಕೆವು. ಇವರು ನಕ್ಕು ಎಷ್ಟು ದಿನವಾಗಿತ್ತು. ಕೆಳಗೆ ಬಿದ್ದ ಕೂದಲನ್ನು ಒಂದು ಎಳೆ ಬಿಡದೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದೆ.

ಮೇ 15

ಬೆರಳು ತೆಗೆಯಬೇಕಂತೆ. ಕೀವು ಮೂಳೆಗೆ ಇಳಿದಿದೆ.

ಮೇ 22

ತೆಗೆದರು. ಹೆಬ್ಬೆರಳು ಮಾತ್ರ. ಪಕ್ಕದ ಹಾಸಿಗೆಯವರಿಗೆ ಮೊಣಕಾಲಿನ ಕೆಳಗೆ ಏನೂ ಇಲ್ಲ. ಅವರ ಹೆಂಡತಿ ನನಗೆ ತನ್ನ ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟಳು. ಅಂಥ ಸ್ಥಿತಿಯಲ್ಲೂ ಇನ್ನೊಬ್ಬರಿಗೆ ಬಿಸಿನೀರು ಕೊಡಬೇಕು ಅಂತ ತೋಚುತ್ತದಲ್ಲ, ಅವಳ ಹೊಟ್ಟೆ ತಣ್ಣಗಿರಲಿ.

ಅಂಗಡಿಯ ಎರಡನೇ ಕುರ್ಚಿಯನ್ನು ನಾನು, ಅತ್ತಿಗೆ ಸೇರಿ ಮಾರಿದೆವು. ಕೊಂಡವನು ಗಾಡಿ ತಂದು ಎತ್ತಿಕೊಂಡು ಹೋದ. ಅದಿದ್ದ ಜಾಗದ ಟೈಲ್ಸು ಉಳಿದ ನೆಲಕ್ಕಿಂತ ಹೊಸದಾಗಿ ಕಾಣುತ್ತದೆ. ಇವರಿಗೆ ಹೇಳಿಲ್ಲ.

ಮೇ 30

ನರ್ಸ್ ಮನೆಗೆ ಕಳಿಸುವಾಗ ಕೂರಿಸಿ ಹೇಳಿದರು. ದಿನಾ ಅಂಗಾಲು ನೋಡಬೇಕು, ಎರಡೂ ಕಾಲು, ಬೆರಳ ಸಂದಿ ಕೂಡ. ಮುಟ್ಟಿ ಬಿಸಿ ಇದೆಯಾ ನೋಡಬೇಕು. ರೋಗಿಯೇ ನೋಡಿಕೊಳ್ಳುವುದು ಒಳ್ಳೆಯದು, ಕನ್ನಡಿ ಹಿಡಿದು.

ಅಂಗಡಿಯಲ್ಲಿ ಗಿರಾಕಿಗೆ ಹಿಂದಲೆ ತೋರಿಸುವ ಕೈಗನ್ನಡಿ ಇದೆಯಲ್ಲ, ಅದನ್ನೇ ಸಂಜೆ ಚೀಲದಲ್ಲಿ ತಂದೆ. ಇವರು ಮುಖ ಆಚೆ ತಿರುಗಿಸಿದರು. "ನೀನೇ ನೋಡು. ನಂಗೆ ಬೇಡ." ಬೆರಳು ಹೋದ ಮೇಲೆ ಒಂದು ಸಲವೂ ಆ ಕಾಲನ್ನು ನೋಡಿಕೊಂಡಿಲ್ಲ. ಸ್ನಾನ ಮಾಡುವಾಗಲೂ ಗೋಡೆ ನೋಡುತ್ತಾರೆ. ಇರಲಿ, ನನಗೆ ಕಣ್ಣಿದೆಯಲ್ಲ. ಆದರೂ ಕನ್ನಡಿ ದಿನಾ ತರುತ್ತೇನೆ, ಬೆಳಗ್ಗೆ ವಾಪಸ್ ಒಯ್ಯುತ್ತೇನೆ. ಯಾವತ್ತಾದರೂ ಮನಸ್ಸು ಬಂದೀತು.

ಜುಲೈ 11

ದಿನಕ್ಕೆ ನಾಲ್ಕು ತಲೆ, ಐದು ತಲೆ. ಮೊದಮೊದಲು ಬಂದವರು ಮುದುಕರು, ಮೆಷಿನ್ ಹಾಕಿ ಸಣ್ಣಗೆ ಮಾಡಿದರೆ ಸಾಕು ಅನ್ನುವವರು. ಅವರಿಗೆ ನನ್ನ ಕೈ ಮೇಲೆ ನಂಬಿಕೆಗಿಂತ ಇವರ ಮೇಲಿನ ಪ್ರೀತಿ ಹೆಚ್ಚು. ಈಗ ಗ್ಯಾರೇಜಿನ ಹುಡುಗರೂ ಬರುತ್ತಾರೆ. ಒಬ್ಬ ಕಿವಿಯ ಮೇಲೆ ಗೆರೆ ಹಾಕಿ ಅಂದ. ಹಾಕಿದೆ. ಸೊಟ್ಟಗಾಯಿತು. ಇನ್ನೊಂದು ಕಿವಿಯ ಮೇಲೂ ಅಷ್ಟೇ ಸೊಟ್ಟಗೆ ಹಾಕಿದೆ. ಖುಷಿಯಾಗಿ ಹೋದ.

ರೇಜರ್ ಹಿಡಿಯಲು ಇನ್ನೂ ಭಯ. ಇವರ ಗಡ್ಡವನ್ನೇ ದಿನಾ ಬೋಳಿಸಿ ಅಭ್ಯಾಸ ಮಾಡುತ್ತಿದ್ದೇನೆ. "ಕಾಲು ಹೋಗಿ ಈಗ ಕತ್ತಿಗೆ ಬಂತು" ಅನ್ನುತ್ತಾರೆ.

ಸೆಪ್ಟೆಂಬರ್ 3

ಗಾಯ ಮಾಯಿತು! ಗುಲಾಬಿ ಬಣ್ಣದ ಹೊಸ ಚರ್ಮ. ಡ್ರೆಸ್ಸಿಂಗ್ ಕೋಣೆಯಲ್ಲಿ ನಾನು ನರ್ಸಿನ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಎಲ್ಲ ಮುಗೀತಲ್ಲ ಅಂದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮುಗೀತು ಅನ್ಬೇಡಿ, ಮಲಗಿದೆ ಅನ್ನಿ. ಒಂದು ಸಲ ಆದ ಕಾಲಿಗೆ ಮತ್ತೆ ಆಗೋದು ಸುಲಭ" ಅಂದರು.

ಬೂಟು ಬೇರೆ ಮಾಡಿಸಬೇಕು. ಪಾದದ ಅಚ್ಚು ತೆಗೆದು, ಇಲ್ಲದ ಬೆರಳಿನ ಜಾಗಕ್ಕೆ ಮೆತ್ತೆ ತುಂಬಿ ಮಾಡುವ ಬೂಟು. ಬೆಲೆ ಕೇಳಿ ನನಗೆ ನಗು ಬಂತು. ಬೂಟು ಅನ್ನುವುದಕ್ಕೆ ಅಷ್ಟಾಗಬಹುದು ಅಂತ ಕನಸಲ್ಲೂ ಎಣಿಸಿರಲಿಲ್ಲ. ವರ್ಷಕ್ಕೊಂದು ಜೊತೆ ಬೇಕಂತೆ, ಮೆತ್ತೆ ಅದಕ್ಕೂ ಮೊದಲೇ ಬದಲಿಸಬೇಕು. ಆಸ್ಪತ್ರೆಗೆ ಬಸ್ಸು ಹತ್ತುವ ಹಾಗಿಲ್ಲ, ಆಟೋನೇ ಆಗಬೇಕು. ಕಾಯಿಲೆ ಅಂದರೆ ಬಂದು ಹೋಗುವ ನೆಂಟ ಅಂದುಕೊಂಡಿದ್ದೆ. ಇದು ನಮ್ಮ ಜೊತೆಗೇ ಬಿಡಾರ ಹೂಡಿದ್ದು, ತಿಂಗಳು ತಿಂಗಳೂ ಇದಕ್ಕೊಂದು ಪಾಲು ಎತ್ತಿಡಬೇಕು. ಅಂಗಿಯ ಗುಂಡಿಯಷ್ಟು ಗಾಯ, ಒಂದು ಕುರ್ಚಿ ತಿಂದಿತು, ನನ್ನ ಕೆಲಸ ತಿಂದಿತು, ಅತ್ತಿಗೆಯ ಕೋಣೆ ತಿಂದಿತು.

ಆದರೂ ಕಾಲಿದೆ. ಕಾಲಿದ್ದರೆ ಬೂಟು. ಅಷ್ಟು ನೆನೆದುಕೊಂಡು ಅಳತೆ ಕೊಟ್ಟು ಬಂದೆವು.

ಡಿಸೆಂಬರ್ 12

ಏನು ಬರೆಯಲಿ.

ನಾನು ಎರಡು ದಿನ ಜ್ವರದಲ್ಲಿ ಮಲಗಿದ್ದೆ. ಇವರು "ಅರ್ಧ ಗಂಟೆ ಹೋಗಿ ಬರ್ತೀನಿ, ಕೂತೇ ಇರ್ತೀನಿ" ಅಂತ ಅಂಗಡಿಗೆ ಹೋದವರು ಎರಡೂ ದಿನ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದಾರೆ. ಬೂಟು ಭಾರ ಅಂತ ಹಳೇ ಚಪ್ಪಲಿ ಹಾಕಿಕೊಂಡು. ಎದ್ದ ಮೇಲೆ ಕಾಲು ಮುಟ್ಟಿ ನೋಡಿದೆ, ಬಿಸಿ. ಅದೇ ಜಾಗದ ಪಕ್ಕ ಗುಳ್ಳೆ ಒಡೆದಿತ್ತು.

ಕೂಗಾಡಿದೆ. ಮದುವೆಯಾದಾಗಿನಿಂದ ಇವರ ಮೇಲೆ ಇಷ್ಟು ಕೂಗಿರಲಿಲ್ಲ.

"ಕುರ್ಚಿ ಮಾರಿದ್ದೀಯ" ಅಂದರು. "ನಂಗೆ ಹೇಳ್ದೇನೇ."

"ಹೌದು, ಮಾರ್ದೆ. ಕಾಲು ಉಳೀಲಿ ಅಂತ ಮಾರ್ದೆ. ನೀವು ಅದೇ ಕಾಲನ್ನ ತಗೊಂಡೋಗಿ ಬಿಸಾಕಿ ಬಂದ್ರಿ."

"ನಿಂತ್ಕೊಳ್ಳಕ್ಕಾಗದ ಕ್ಷೌರಿಕ ಯಾವ ಸುಖಕ್ಕೆ ಕಾಲಿಟ್ಕೊಬೇಕು?"

ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದವರು ಒಳಗೆ ಬಂದು ತಮ್ಮನ ಪಕ್ಕ ಕೂತು, ಆ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡರು.

ಡಿಸೆಂಬರ್ 14

ಮತ್ತೆ ಅಚ್ಚು. ಈ ಸಲ ಮೂಳೆಗೆ ಇಳಿದರೆ ಬೆರಳಲ್ಲ, ಮೊಣಕಾಲಿನ ಕೆಳಗೆ ಅಂದರು ಡಾಕ್ಟರು.

ನರ್ಸ್ ಬೈಯಲಿಲ್ಲ. ಅದೇ ಕೋಣೆ, ಅದೇ ಕೈ, ಅದೇ ಸಮಾಧಾನ. ಅವರ ತಾಳ್ಮೆಗೆ ಬೆಲೆ ಕಟ್ಟಿದ್ದರೆ ನಮ್ಮಂಥವರು ಬಾಗಿಲೊಳಗೆ ಕಾಲಿಡಲಿಕ್ಕೂ ಆಗುತ್ತಿರಲಿಲ್ಲ.

ಫೆಬ್ರವರಿ 8

ಮಧ್ಯಾಹ್ನ ಲಾಂಡ್ರಿ ಮ್ಯಾನೇಜರ್ ತಲೆ ಕೊಡಲು ಬಂದರು. ಹಿಂದೆ ಇವರ ಗಿರಾಕಿಯೇ. ಕೂತು, ಬಟ್ಟೆ ಹೊದಿಸಿಕೊಂಡು, ಕೌಂಟರಿಗೆ ನನ್ನ ಬದಲು ಬಂದವಳು ರಕ್ತಕ್ಕೂ ಬೀಟ್‌ರೂಟಿಗೂ ವ್ಯತ್ಯಾಸ ತಿಳಿಯದವಳು ಅಂತ ಗೋಳು ಹೇಳಿಕೊಂಡರು. "ವಾಪಸ್ ಬನ್ನಿ, ಸಂಬಳ ಸ್ವಲ್ಪ ಜಾಸ್ತಿ ಮಾಡೋಣ."

"ಈಗ ಹೇಗಾಗುತ್ತೆ ಸಾರ್? ಅಂಗಡಿ ಯಾರು ನೋಡ್ಕೋತಾರೆ?" ಅಂದೆ. "ತಲೆ ಸ್ವಲ್ಪ ಬಗ್ಗಿಸಿ."

ಒಳ್ಳೆ ಮನುಷ್ಯ. ಅವರ ಹಿಂದಲೆಯಲ್ಲಿ ಎರಡು ಸುಳಿ ಇದೆ, ಜೋಪಾನವಾಗಿ ಕತ್ತರಿಸಬೇಕು. ಇವತ್ತು ಒಂಬತ್ತು ತಲೆ, ಮೂರು ಗಡ್ಡ. ನನ್ನ ಕಾಲು ನೋಯುತ್ತಿದೆ. ನೋವು ಗೊತ್ತಾಗುವುದೂ ಒಂದು ಭಾಗ್ಯ ಅಂತ ಈಗ ತಿಳಿಯುತ್ತದೆ.

ಏಪ್ರಿಲ್ 2

ಗಾಯ ಕಿರಿದಾಗುತ್ತಿದೆ. ಮೂಳೆಗೆ ಇಳಿದಿಲ್ಲ. ಇಳಿದಿಲ್ಲ, ಇಳಿದಿಲ್ಲ. ಮೂರು ಸಲ ಬರೆದರೂ ಸಾಲದು.

ಇವರು ಮಾತ್ರ ಮಾತು ಕಡಿಮೆ ಮಾಡಿದ್ದಾರೆ. ಕನ್ನಡಿ ತಂದಿಡುತ್ತೇನೆ, ಹಾಗೇ ಒಯ್ಯುತ್ತೇನೆ.

ಮೇ 17

ಅಚ್ಚು ತೆಗೆದರು. ಗಾಯ ಮಲಗಿದೆ. ನಾನೀಗ ಮುಗಿಯಿತು ಅನ್ನುವುದಿಲ್ಲ.

ದಿನಕ್ಕೆ ಸ್ವಲ್ಪ ಹೊತ್ತು, ಬೂಟು ಹಾಕಿಕೊಂಡು, ಕೂತು ಕೆಲಸ ಮಾಡಬಹುದು ಅಂದರು ಡಾಕ್ಟರು. ನಿಲ್ಲುವುದು ಇನ್ನು ಯಾವತ್ತೂ ಬೇಡ. ಇವರು "ಆಯ್ತು ಸಾರ್" ಅಂದರು, ಅಷ್ಟೇ. ವಾದ ಮಾಡಲಿಲ್ಲ. ಅದೇ ನನಗೆ ಭಯ. ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ನೋಡುತ್ತಿದ್ದರು. ಕತ್ತರಿಯ ಉಂಗುರ ಉಜ್ಜಿ ಹೆಬ್ಬೆರಳಿನ ಹತ್ತಿರ ನನಗೀಗ ಗಂಟು ಕಟ್ಟಿದೆ. ಇವರಿಗೂ ಅಲ್ಲೇ ಇದೆ.

ಗ್ಯಾರೇಜಿನವರು ಚಕ್ರದ ಸ್ಟೂಲೊಂದನ್ನು ಎತ್ತರಿಸಿ, ಇಳಿಸುವ ಹಾಗೆ ಮಾಡಿ ಕೊಟ್ಟಿದ್ದಾರೆ. ದುಡ್ಡು ಬೇಡ ಅಂದರು. ಆ ಹುಡುಗರೆಲ್ಲರಿಗೂ ಒಂದೊಂದು ತಲೆ ಬಾಕಿ ಅಂತ ಇಟ್ಟುಕೊಂಡಿದ್ದೇನೆ.

ಜೂನ್ 21

ಇವತ್ತಿನದು ಉದ್ದ ಆಗುತ್ತದೆ.

ಇವರು ಬರುತ್ತಾರೆ ಅಂತ ಸುದ್ದಿ ಮುಟ್ಟಿ ಮೇಷ್ಟ್ರು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಕೊಟ್ಟ ಮಾತು ಕೊಟ್ಟ ಮಾತೇ. ವರ್ಷದ ಮೇಲಾಯಿತು, ಬೆಳ್ಳಗಿನ ಕೂದಲು ಭುಜಕ್ಕೆ ಇಳಿದಿತ್ತು. ಮೊಮ್ಮಕ್ಕಳು ಅದಕ್ಕೆ ರಿಬ್ಬನ್ ಕಟ್ಟುತ್ತಿದ್ದವಂತೆ. ಬ್ಯಾಂಕಿನಲ್ಲಿ ಹಿಂದಿನಿಂದ ಯಾರೋ "ಅಜ್ಜಿ, ಸ್ವಲ್ಪ ಸರೀರಿ" ಅಂದರಂತೆ. "ಇವನ ಕಾಲಿಗೆ ನಾನು ಇಷ್ಟು ಮಾನ ಕಳ್ಕೊಂಡಿದ್ದೀನಿ" ಅಂತ ಕುರ್ಚಿಯಲ್ಲಿ ಕೂತರು.

ಇವರು ಸ್ಟೂಲಿನ ಮೇಲೆ ಕೂತು ಕತ್ತರಿ ಎತ್ತಿದರು. ಕೈ ಮರೆತಿರಲಿಲ್ಲ. ಬಲಗಡೆಯಿಂದ ಶುರು ಮಾಡಿ, ಚಕ್ರ ಸರಿಸುತ್ತ ಕಿವಿಯವರೆಗೆ, ಅಲ್ಲಿಂದ ಹಿಂದಕ್ಕೆ. ಚಿಕ್ ಚಿಕ್ ಚಿಕ್, ಒಂದೇ ಸಮ. ನಾನು ಪೊರಕೆ ಹಿಡಿದು ಪಕ್ಕದಲ್ಲೇ ನಿಂತು, ಬಿದ್ದದ್ದನ್ನು ಬಿದ್ದ ಹಾಗೆ ಗುಡಿಸುತ್ತಿದ್ದೆ. ಬೀದಿಯ ಅರ್ಧ ಜನ ಬಾಗಿಲಲ್ಲಿದ್ದರು.

ಹಿಂದಲೆಗೆ ಬಂದಾಗ ಸ್ಟೂಲು ಸಾಲಲಿಲ್ಲ. ಮೇಷ್ಟ್ರು ಎತ್ತರದ ಆಳು. ಇವರು ಒಂದು ಕೈ ಕುರ್ಚಿಯ ಬೆನ್ನಿಗೆ ಊರಿದರು. ಬೂಟು ನೆಲ ಒತ್ತಿದ್ದು ನನಗೆ ಕಂಡಿತು. ಎದ್ದು ನಿಂತರೆ ಇಷ್ಟು ಜನರ ಎದುರು ನಾನು ಏನು ಹೇಳಲಿ, ಹೇಳದೆ ಹೇಗಿರಲಿ.

ಇವರು ಎದ್ದು ನಿಲ್ಲಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಕತ್ತರಿಯನ್ನು ತಿರುಗಿಸಿ ಉಂಗುರದ ಕಡೆ ನನಗೆ ಹಿಡಿದು, "ಉಳಿದದ್ದು ಇವಳು ಮಾಡ್ತಾಳೆ ಮೇಷ್ಟ್ರೇ" ಅಂದರು.

"ನಾನು ಕಾದದ್ದು ನಿನ್ನ ಕೈಗೆ" ಅಂದರು ಮೇಷ್ಟ್ರು.

"ಅದೂ ನನ್ನ ಕೈನೇ. ನಾನೇ ಕಲಿಸಿದ್ದು."

ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅರ್ಧ ಕತ್ತರಿಸಿದ ತಲೆ ಇಟ್ಟುಕೊಂಡು ಎದ್ದು ಹೋಗುವುದಾದರೂ ಎಲ್ಲಿಗೆ? "ಹೂಂ, ಮಾಡಮ್ಮ" ಅಂದರು. ಮಾಡಿದೆ. ಕೊನೆಗೆ ಕೈಗನ್ನಡಿ ಹಿಡಿದು ಹಿಂದಲೆ ತೋರಿಸಿದೆ. ಅವರು ಎಡಕ್ಕೆ, ಬಲಕ್ಕೆ ತಿರುಗಿ ತಿರುಗಿ ನೋಡಿ, "ನೀನು ಎಲ್ಲಿಂದ ಶುರು ಮಾಡ್ದೆ?" ಅಂತ ಕೇಳಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಇವರನ್ನು ಆಟೋದಲ್ಲಿ ಮನೆಗೆ ಕಳಿಸಿ ಸಾಲಿನಲ್ಲಿದ್ದವರನ್ನೆಲ್ಲ ಮುಗಿಸಿದೆ. ಇವತ್ತು ನನ್ನ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗ ಕೈ ಚೀಲಕ್ಕೆ ಹೋಯಿತು. ಕನ್ನಡಿ ಇಲ್ಲ. ಗಡಿಬಿಡಿಯಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ. ಇಷ್ಟು ತಿಂಗಳಲ್ಲಿ ಒಂದು ದಿನವೂ ಮರೆತವಳಲ್ಲ.

ಒಳಗೆ ಹೋದರೆ ಇವರು ಕಿಟಕಿಯ ಹತ್ತಿರ ಬೂಟು ಬಿಚ್ಚಿ ಕೂತಿದ್ದರು. ಬಲಗಾಲು ಎಡ ತೊಡೆಯ ಮೇಲೆ. ಕೈಯಲ್ಲಿ ಕನ್ನಡಿ, ಹೊಸದು, ಬೆಲೆಯ ಚೀಟಿ ಇನ್ನೂ ಹಿಂದೆ ಅಂಟಿಕೊಂಡಿತ್ತು. ಬರುವ ದಾರಿಯಲ್ಲಿ ಆಟೋ ನಿಲ್ಲಿಸಿ ಕೊಂಡರಂತೆ. ನಾನು ಬಂದದ್ದು ಗೊತ್ತಾಗದಷ್ಟು ನಿಗಾ ಇಟ್ಟು, ಹೆಬ್ಬೆರಳಿಲ್ಲದ ಆ ಜಾಗವನ್ನೂ ಬಿಡದೆ ನೋಡುತ್ತಿದ್ದರು. ಆಮೇಲೆ ಕಾಲುಚೀಲದ ಒಳಮಗ್ಗುಲು ಹೊರಗೆ ಮಾಡಿ ಕೊಡವಿ, ಎರಡು ಬೆರಳಲ್ಲಿ ಏನನ್ನೋ ಹಿಡಿದು ಬೆಳಕಿಗೆ ಎತ್ತಿದರು.

"ಮೇಷ್ಟ್ರದು" ಅಂದರು.

ಒಂದು ಗಿಡ್ಡ ಬಿಳೀ ಕೂದಲು. ಬಿಳೀ ಕಾಲುಚೀಲದಲ್ಲಿ ಅದು ನನ್ನ ಕಣ್ಣಿಗೂ ಬೀಳುತ್ತಿರಲಿಲ್ಲ.

"ಕೊಡಿ, ನಾನೊಂದ್ಸಲ ನೋಡ್ತೀನಿ" ಅಂತ ನನ್ನ ಚೀಲ ಕೆಳಗಿಟ್ಟೆ.

"ನೋಡಿಯಾಯ್ತು. ಚೆನ್ನಾಗಿದೆ. ಅಂಗಡಿ ಕನ್ನಡಿ ಇನ್ಮೇಲೆ ಅಂಗಡೀಲೇ ಇರ್ಲಿ." ಪಕ್ಕದ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ನೀನು ಕೂತ್ಕೋ. ಬೆಳಗ್ಗಿಂದ ನಿಂತಿದ್ದೀಯ. ಕಾಲು ತೋರ್ಸು."

"ಕಾಲಿಗೇನಾಗಿದೆ? ಎರಡೂ ಇದ್ದಲ್ಲೇ ಇವೆ" ಅಂದೆ.

"ತೋರ್ಸು ಅಂದೆ."

ಕೂತೆ. ತೋರಿಸಿದೆ.